ಕ್ರ್ಯಾಕಲ್ ನೇಲ್ ಪಾಲಿಶ್ ಒಂದೊಂದು ಉಗುರಲ್ಲಿ ಒಂದೊಂದು ಥರ ಬಿರಿಯೋದು ಯಾಕೆ?

ಕ್ರ್ಯಾಕಲ್ ಅಂದರೆ ಆರಿದ ಅಡಿಬಣ್ಣದ ಮೇಲೆ ಹಚ್ಚಿದಾಗ ತಾನೇ ಬಿರಿದು, ಬಿರುಕಲ್ಲಿ ಆ ಅಡಿಬಣ್ಣ ತೋರಿಸುವ ಪಾಲಿಶ್. ಹೆಬ್ಬೆರಳಲ್ಲಿ ಅಗಲವಾದ ಬಿರುಕು, ಕಿರುಬೆರಳಲ್ಲಿ ಬಿರುಕೇ ಇಲ್ಲ, ಮಾರನೇ ದಿನಕ್ಕೇ ಉದುರುತ್ತೆ ಅಂತ ಕೇಳಿದ್ದೀರಿ. ಬಾಟಲಿ ಹಳೆಯದಾಗಿ ಗಟ್ಟಿಯಾಗಿಲ್ಲದಿದ್ದರೆ ತಪ್ಪು ಇರೋದು ಹಚ್ಚುವ ರೀತಿಯಲ್ಲೇ.

ನಾಲೆ ನೀರು ನಿಂತ ಮೇಲೆ ಮಂಡ್ಯದ ಗದ್ದೆ ಬಿರಿಯುವುದನ್ನು ನೆನಪಿಸಿಕೊಳ್ಳಿ. ಕೆಸರು ತೆಳುವಾಗಿದ್ದ ಕಡೆ ಸಣ್ಣ ಚಕ್ಕೆ, ದಪ್ಪವಿದ್ದ ಕಡೆ ದೊಡ್ಡ ಚಕ್ಕೆ. ಇಲ್ಲೂ ಅದೇ. ಕ್ರ್ಯಾಕಲ್ ಪಾಲಿಶ್‌ನ ದ್ರಾವಕ ಬೇಗ ಆರುತ್ತೆ, ಬಣ್ಣ ಕುಗ್ಗಿ ಬಿರಿಯುತ್ತೆ. ತೆಳು ಪದರಕ್ಕೆ ಜೇಡರ ಬಲೆಯಂಥ ಸಣ್ಣ ಬಿರುಕು, ದಪ್ಪ ಪದರಕ್ಕೆ ಅಗಲ ಬಿರುಕು. ಹತ್ತೂ ಉಗುರು ಒಂದೇ ಥರ ಬರಬೇಕಾದರೆ ಬ್ರಷ್ಷಲ್ಲಿ ಪ್ರತಿ ಸಲವೂ ಅಷ್ಟೇ ಬಣ್ಣ ಇರಬೇಕು.

ಮೊದಲು ಉಗುರನ್ನು ರಿಮೂವರ್ ಹತ್ತಿಯಿಂದ ಒರೆಸಿ. ತಲೆಗೆ ಎಣ್ಣೆ ಹಚ್ಚಿದ ಕೈಯಾದರೆ ಇದನ್ನು ಬಿಡಲೇಬೇಡಿ, ಜಿಡ್ಡಿನ ಮೇಲೆ ಯಾವ ಬಣ್ಣವೂ ನಿಲ್ಲಲ್ಲ. ಬೇಸ್ ಕೋಟ್ (ಬಣ್ಣಕ್ಕೂ ಮೊದಲು ಹಚ್ಚುವ ಪಾರದರ್ಶಕ ಪದರ) ಆದ ಮೇಲೆ ಅಡಿಬಣ್ಣ ಎರಡು ತೆಳು ಪದರ, ಆಮೇಲೆ ಕನಿಷ್ಠ 20 ನಿಮಿಷ ಬಿಡಿ. ಅಡಿಬಣ್ಣ ಹಸಿ ಇದ್ದರೆ ಎರಡೂ ಕಲಸಿಕೊಂಡು ಬಿರುಕೇ ಮೂಡಲ್ಲ. ನಿಮ್ಮ ಕಿರುಬೆರಳಿಗೆ ಆಗಿರೋದು ಇದೇ, ಇಲ್ಲವೇ ಅಲ್ಲಿ ಎರಡು ಸಲ ಬ್ರಷ್ ಆಡಿಸಿದ್ದೀರಿ.

ಕ್ರ್ಯಾಕಲ್ ಹಚ್ಚುವಾಗ ಫ್ಯಾನ್ ಆಫ್ ಮಾಡಿ. ಬುಡದಿಂದ ತುದಿಗೆ ಎರಡು ಮೂರು ಎಳೆತದಲ್ಲಿ ಮುಗಿಸಿ. ಒಂದು ನಿಮಿಷದೊಳಗೇ ಬಿರಿಯಲು ಶುರುವಾಗುತ್ತೆ. ಆಮೇಲೆ ಅದೇ ಜಾಗವನ್ನು ಮುಟ್ಟಿದರೆ ಬಿರುಕು ಮುಚ್ಚಿ ಮುದ್ದೆಯಾಗುತ್ತೆ. ಉದ್ದಕ್ಕೆ ಎಳೆದರೆ ಬಿರುಕೂ ಹೆಚ್ಚಾಗಿ ಉದ್ದಕ್ಕೆ, ಅಡ್ಡಕ್ಕೆ ಎಳೆದರೆ ಅಡ್ಡಕ್ಕೆ. ಸ್ಪಂಜಿನ ಚೂರಿನಿಂದ ಒತ್ತಿದರೆ ದಿಕ್ಕಿಲ್ಲದ ಬಲೆ ಸಿಗುತ್ತೆ, ನನಗೆ ತುಂಬಾ ಇಷ್ಟ ಅದು.

ಆರಿದ ಕ್ರ್ಯಾಕಲ್ ಮಂಕಾಗಿ, ಒರಟಾಗಿರುತ್ತೆ. ಅದರ ಅಂಚು ಬಟ್ಟೆಗೆ, ಕೂದಲಿಗೆ ಸಿಕ್ಕಿಯೇ ಉದುರೋದು. ಹಾಗಾಗಿ ಟಾಪ್ ಕೋಟ್, ಅಂದರೆ ಕೊನೆಗೆ ಹಚ್ಚುವ ಪಾರದರ್ಶಕ ಪದರ, ಬೇಕೇ ಬೇಕು. ಉಗುರು ಪೂರ್ತಿ ಮಂಕಾದ ಮೇಲೆ ಎರಡು ಮೂರು ನಿಮಿಷ ಕಾಯಿರಿ. ಬ್ರಷ್ಷಲ್ಲಿ ದಪ್ಪ ಹನಿ ತಗೊಂಡು ಒತ್ತದೆ ತೇಲಿಸಿ, ಉಗುರಿನ ತುದಿಯ ಅಂಚಿಗೂ ಸವರಿ.

ಬಣ್ಣದ ಜೋಡಿಯಲ್ಲಿ ಅಂತರ ಇರಲಿ. ಮೈಸೂರು ಸಿಲ್ಕ್ ಜರಿಗೆ ಹೊಂದಬೇಕಾದರೆ ಅಡಿಗೆ ಮೆಟಾಲಿಕ್ ಚಿನ್ನ, ಮೇಲೆ ಕಪ್ಪು ಅಥವಾ ಕಡು ಹಸಿರು ಕ್ರ್ಯಾಕಲ್ ಹಾಕಿ; ಬಿರುಕಲ್ಲಿ ಚಿನ್ನ ಇಣುಕುತ್ತೆ.

ಬಾಟಲಿ ಗಟ್ಟಿಯಾಗಿದ್ದರೆ ನೇಲ್ ಪಾಲಿಶ್ ಥಿನ್ನರ್ ಎರಡು ಮೂರು ಹನಿ ಹಾಕಿ ಅಂಗೈಗಳ ನಡುವೆ ಉರುಳಿಸಿ. ರಿಮೂವರ್ ಬೆರೆಸಬೇಡಿ. ಕೆಟ್ಟ ಉಗುರಿನ ಮೇಲೆ ಇನ್ನೊಂದು ಪದರ ಹಚ್ಚಿ ಸರಿಮಾಡಲು ಹೋಗಬೇಡಿ. ಆ ಒಂದನ್ನು ಪೂರ್ತಿ ಅಳಿಸಿ ಬೇಸ್ ಕೋಟ್‌ನಿಂದ ಮತ್ತೆ ಶುರು ಮಾಡಿ.