ಆಟಿಕೆ ಎತ್ತಿಡುವವರು ಯಾರು?

ದಸರಾ ರಜೆ ಮುಗಿದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು ಹೊತ್ತು ಬಂದಿವೆ: ಮನೆಯಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲಿ ನೋಡಿದರೂ ಆಟಿಕೆ. ಶಿಶುವಿಹಾರದಲ್ಲಿ ಕೂದಲು ಹಣ್ಣಾಗುವವರೆಗೆ ಕೆಲಸ ಮಾಡಿದವಳು ನಾನು. ಕೋಣೆ ತುಂಬ ಮಕ್ಕಳು, ಎತ್ತಿಡಲು ಒಬ್ಬಳೇ ಆಯಾ. ಹಾಗಾಗಿ ಈ ವಿಷಯದಲ್ಲಿ ನನ್ನದು ಸ್ವಲ್ಪ ಗಟ್ಟಿ ದನಿ; ಸಿಟ್ಟಾಗಬೇಡಿ.

ಪ್ರಶ್ನೆ: ನಮ್ಮದು ಎರಡು ಕೋಣೆಗಳ ಫ್ಲಾಟ್. ಮೂರು ವರ್ಷದ ಮಗಳ ಆಟಿಕೆಗಳನ್ನೆಲ್ಲ ಒಂದು ದೊಡ್ಡ ಪ್ಲಾಸ್ಟಿಕ್ ಟಬ್ಬಿಗೆ ತುಂಬಿಡುತ್ತೇನೆ. ಬೆಳಿಗ್ಗೆ ಎದ್ದವಳೇ ಅದನ್ನು ಬೋರಲು ಹಾಕುತ್ತಾಳೆ. ಐದು ನಿಮಿಷವೂ ಆಡುವುದಿಲ್ಲ, ಅಡುಗೆಮನೆಗೆ ಬಂದು ಪಾತ್ರೆ ಎಳೆಯುತ್ತಾಳೆ. ಗೋಡೆಯುದ್ದಕ್ಕೂ ಬಾಗಿಲಿರುವ ಬೀರು ಮಾಡಿಸೋಣ ಎನ್ನುತ್ತಾರೆ ನನ್ನ ಯಜಮಾನರು. ಮಾಡಿಸಬಹುದೇ?
(ಗೃಹಿಣಿ, ಬೆಂಗಳೂರು)

ಉತ್ತರ: ಬೇಡ. ಬಡಗಿಗೆ ಕೊಡುವ ಹಣ ಉಳಿಸಿಕೊಳ್ಳಿ.

ಟಬ್ಬಿನ ತಳದಲ್ಲಿ ಕೆಂಪು ಕಾರು ಇದೆ ಎಂದು ನಿಮ್ಮ ಮಗಳಿಗೆ ಗೊತ್ತು. ಮೇಲೆ ಕರಡಿ, ಅದರ ಕೆಳಗೆ ಡ್ರಮ್ಮು, ಅದರ ಕೆಳಗೆ ಅಡುಗೆ ಸೆಟ್ಟು. ಕಾರು ಬೇಕೆಂದರೆ ಟಬ್ಬನ್ನು ಬೋರಲು ಹಾಕದೆ ಅವಳಿಗೆ ಬೇರೆ ದಾರಿ ಯಾವುದಿದೆ? ಅದು ತುಂಟತನವಲ್ಲ, ಹುಡುಕಾಟ. ಬೋರಲು ಬಿದ್ದ ರಾಶಿಯಲ್ಲಿ ಕಾರು ಸಿಗುವ ಹೊತ್ತಿಗೆ ಆಡುವ ಆಸೆಯೇ ಹೋಗಿರುತ್ತದೆ. ಇನ್ನು ಬೀರು ಮಾಡಿಸಿ ಬಾಗಿಲು ಮುಚ್ಚಿದರೆ ಒಳಗೇನಿದೆ ಎಂಬುದೇ ಕಾಣುವುದಿಲ್ಲ. ಕಾಣದಿದ್ದದ್ದು ಆ ವಯಸ್ಸಿನಲ್ಲಿ ಇಲ್ಲದಿದ್ದ ಹಾಗೆ.

ನಿಮಗೆ ಬೇಕಾಗಿರುವುದು ಎರಡು ಹಲಗೆಯ ಒಂದು ತೆರೆದ ಕಪಾಟು. ಮೇಲಿನ ಹಲಗೆ ಅವಳ ಎದೆಮಟ್ಟಕ್ಕಿಂತ ಎತ್ತರ ಬೇಡ. ಹಳೆಯ ಚಪ್ಪಲಿ ಸ್ಟ್ಯಾಂಡ್ ಇದ್ದರೆ ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದು ಅದನ್ನೇ ಇಡಿ, ಯಾರೂ ನಗುವುದಿಲ್ಲ. ಒಂದು ಮಾತ್ರ ಮರೆಯಬೇಡಿ: ಎಲ್ ಆಕಾರದ ಕಬ್ಬಿಣದ ಪಟ್ಟಿ ಹಾಕಿಸಿ ಅದನ್ನು ಗೋಡೆಗೆ ಬಿಗಿಸಿ. ಮೂರು ವರ್ಷದವರಿಗೆ ಕಪಾಟು ಕಂಡರೆ ಏಣಿ ಕಂಡಂತೆ.

ಆ ಕಪಾಟಿನಲ್ಲಿ ಮುಚ್ಚಳವಿಲ್ಲದ ಸಣ್ಣ ಸಣ್ಣ ಡಬ್ಬಗಳಿರಲಿ. ಐಸ್‌ಕ್ರೀಮ್ ಡಬ್ಬ, ಸ್ವೀಟಿನ ಡಬ್ಬ, ಬಿದಿರಿನ ಬುಟ್ಟಿ, ಯಾವುದಾದರೂ ನಡೆದೀತು. ಗಾಜಿನ ಬಾಟಲಿ ಬೇಡ. ಒಂದು ಡಬ್ಬದಲ್ಲಿ ಒಂದೇ ಬಗೆಯದು. ಓದಲು ಬಾರದ ಮಗುವಿಗೆ ಹೆಸರು ಬರೆದ ಚೀಟಿಯಿಂದ ಪ್ರಯೋಜನವಿಲ್ಲ. ಆಟಿಕೆ ಬಂದ ರಟ್ಟಿನ ಪೆಟ್ಟಿಗೆಯ ಮೇಲಿನ ಚಿತ್ರ ಕತ್ತರಿಸಿ ಡಬ್ಬಕ್ಕೆ ಅಂಟಿಸಿ. ಕಾರು ಕಾರಿನ ಮನೆಗೆ ಹೋಗಬೇಕು ಎಂಬುದು ಎರಡು ವರ್ಷದ ಮಗುವಿಗೂ ಅರ್ಥವಾಗುತ್ತದೆ. ನಾವು ಹೇಳುವ 'ಎಲ್ಲ ಎತ್ತಿಡು' ಮಾತ್ರ ಯಾವ ಮಗುವಿಗೂ ಅರ್ಥವಾಗುವುದಿಲ್ಲ.

ಬ್ಲಾಕುಗಳಿಗೆ ಬೇರೆ ಉಪಾಯ. ಹಳೆಯ ಪಂಚೆಯನ್ನೋ ಬೆಡ್‌ಶೀಟನ್ನೋ ನೆಲಕ್ಕೆ ಹಾಸಿ ಅದರ ಮೇಲೆಯೇ ಆಡಲು ಬಿಡಿ. ಆಟ ಮುಗಿದ ಮೇಲೆ ಎರಡು ಮೂಲೆ ಅವಳ ಕೈಗೆ, ಎರಡು ಮೂಲೆ ನಿಮ್ಮ ಕೈಗೆ. ಎತ್ತಿದರೆ ಬ್ಲಾಕುಗಳೆಲ್ಲ ಗಡಗಡ ಎಂದು ನಡುವಿಗೆ ಉರುಳುತ್ತವೆ. ಆ ಸದ್ದಿಗಾಗಿಯೇ ಅವಳು ಮೂಲೆ ಹಿಡಿಯಲು ಓಡಿಬರುತ್ತಾಳೆ, ನೋಡಿ. ಗಂಟು ಕಟ್ಟಿ ಕೆಳಗಿನ ಹಲಗೆಗೆ ತಳ್ಳಿದರೆ ಮುಗಿಯಿತು.

ಈಗ ನಿಜವಾದ ವಿಷಯ. ಇಷ್ಟೆಲ್ಲ ಮಾಡಿದರೂ ಕಪಾಟು ತುಂಬಿ ಚೆಲ್ಲುತ್ತಿದ್ದರೆ ಕೊರತೆಯಿರುವುದು ಡಬ್ಬಗಳಿಗಲ್ಲ, ಆಟಿಕೆಯೇ ಹೆಚ್ಚಾಗಿದೆ. 2018ರಲ್ಲಿ ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳನ್ನು ಒಮ್ಮೆ ನಾಲ್ಕು ಆಟಿಕೆಗಳ ಜೊತೆ, ಇನ್ನೊಮ್ಮೆ ಹದಿನಾರು ಆಟಿಕೆಗಳ ಜೊತೆ ಆಡಲು ಬಿಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು ಆಡಿದರು, ಒಂದೇ ಆಟಿಕೆಯನ್ನು ಹೆಚ್ಚು ಬಗೆಗಳಲ್ಲಿ ಬಳಸಿದರು. ಶಿಶುವಿಹಾರದ ಯಾವ ಆಯಾಳನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದಳು, ಇರಲಿ.

ಹಾಗಾಗಿ ಆಟಿಕೆಗಳನ್ನು ಮೂರು ಪಾಲು ಮಾಡಿ. ಒಂದು ಪಾಲು ಕಪಾಟಿನಲ್ಲಿ, ಎರಡು ಪಾಲು ರಟ್ಟಿನ ಪೆಟ್ಟಿಗೆಯಲ್ಲಿ ಅಟ್ಟದ ಮೇಲೆ. ಯಾವ ಡಬ್ಬವನ್ನು ಅವಳು ಮುಟ್ಟುವುದೇ ಇಲ್ಲವೋ ಅದನ್ನು ಮೇಲೇರಿಸಿ, ಮೇಲಿನದನ್ನು ಇಳಿಸಿ. ಇದಕ್ಕೆ ವಾರ, ತಿಥಿ ಬೇಕಿಲ್ಲ. ನಮ್ಮ ಹಳೆ ಮೈಸೂರಿನ ಕಡೆ ಗೊಂಬೆ ಕೂರಿಸುವವರಿಗೆ ಈ ಮರ್ಮ ಹೊಸದಲ್ಲ. ಅದೇ ಪಟ್ಟದ ರಾಜ ರಾಣಿ, ಅದೇ ಶೆಟ್ಟಿ ಅಂಗಡಿ. ಆದರೂ ನವರಾತ್ರಿಯ ಮೊದಲ ದಿನ ಪೆಟ್ಟಿಗೆ ತೆರೆದಾಗ ಮನೆಯವರೆಲ್ಲ ಸುತ್ತ ಸೇರುತ್ತಾರಲ್ಲ? ವರ್ಷವಿಡೀ ಷೋಕೇಸಿನಲ್ಲಿದ್ದಿದ್ದರೆ ಅವುಗಳತ್ತ ಯಾರು ತಿರುಗಿ ನೋಡುತ್ತಿದ್ದರು?

ಅಂದ ಹಾಗೆ, ಪಾತ್ರೆ ಎಳೆಯುವುದನ್ನು ತಡೆಯಬೇಡಿ. ಕೆಳಗಿನ ಒಂದು ಡ್ರಾಯರಿನಲ್ಲಿ ಸ್ಟೀಲ್ ಲೋಟ, ಬಟ್ಟಲು, ಸೌಟು ಹಾಕಿ ಅದು ಅವಳದೇ ಎಂದು ಹೇಳಿಬಿಡಿ.

ಪ್ರಶ್ನೆ: ಆರು ವರ್ಷದ ಮಗ ಸಣ್ಣ ಬ್ಲಾಕುಗಳಿಂದ ದಿನಗಟ್ಟಲೆ ಏನೇನೋ ಕಟ್ಟುತ್ತಾನೆ, ಕೆಡವಲು ಬಿಡುವುದಿಲ್ಲ. ಹತ್ತು ತಿಂಗಳ ಮಗಳು ಅಂಬೆಗಾಲಿಟ್ಟು ಹೋಗಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾಳೆ. ಇಬ್ಬರಿಗೂ ಇರುವುದು ಒಂದೇ ಹಜಾರ. ಇಡೀ ದಿನ ಕೂಗಾಟವೇ ಆಗಿದೆ.
(ಇಬ್ಬರು ಮಕ್ಕಳ ತಾಯಿ, ಹುಬ್ಬಳ್ಳಿ)

ಉತ್ತರ: ಹಜಾರವನ್ನು ಆ ಕಡೆ ಈ ಕಡೆ ಎಂದು ಭಾಗ ಮಾಡಲು ಹೋಗಬೇಡಿ, ಮೇಲೆ ಕೆಳಗೆ ಎಂದು ಭಾಗ ಮಾಡಿ. ನೆಲ ಮಗಳದು, ಮೇಜು ಮಗನದು. ಸಣ್ಣ ಬ್ಲಾಕುಗಳ ಆಟ ಮೇಜಿನ ಮೇಲೆ ಮಾತ್ರ. ಮೇಜಿಲ್ಲದಿದ್ದರೆ ಮಂಚದ ಮೇಲೆ ದೊಡ್ಡ ತಟ್ಟೆ ಇಟ್ಟುಕೊಂಡು ಆಡಲಿ. ಅವನಿಗೊಂದು ಪ್ಲೈವುಡ್ ಹಲಗೆ ಕೊಯ್ಯಿಸಿ ಕೊಡಿ, ಸುತ್ತ ಅಂಚುಪಟ್ಟಿ ಇರಲಿ. ಕಟ್ಟುವುದೆಲ್ಲ ಅದರ ಮೇಲೆಯೇ. ಊಟದ ಹೊತ್ತಿಗೆ ಅರ್ಧ ಕಟ್ಟಿದ ಕೋಟೆಯನ್ನು ಹಲಗೆಯ ಸಮೇತ ಬೀರುವಿನ ಮೇಲೆ ಏರಿಸಿಬಿಡಬಹುದು. ಕೆಡವಬಾರದು ಎನ್ನುವುದು ಅವನ ಹಟವಲ್ಲ. ನೀವು ಅರ್ಧ ಹೊಲಿದ ರವಿಕೆಯನ್ನು ಯಾರಾದರೂ ಬಿಚ್ಚಿಹಾಕಿದರೆ ಸುಮ್ಮನಿರುತ್ತೀರಾ?

ಯಾವುದು ನೆಲಕ್ಕೆ ಬರಬಾರದು ಎಂದು ತಿಳಿಯಲು ಮನೆಯಲ್ಲೇ ಅಳತೆಗೋಲಿದೆ. ಮಗಳ ನಾಮಕರಣದ ಬಳೆಗಳಲ್ಲಿ ಒಳಗಿನ ಅಗಲ ಸುಮಾರು ನಾಲ್ಕು ಸೆಂಟಿಮೀಟರ್ ಇರುವುದನ್ನು ಆರಿಸಿಕೊಳ್ಳಿ. ಅದರೊಳಗೆ ತೂರುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಸಿಗಬಾರದು. ಮಗನೇ ಬಳೆ ಹಿಡಿದು ಪರೀಕ್ಷೆ ಮಾಡಲಿ. ನೀವು ಗದರಿ ಹೇಳಿದ್ದಕ್ಕಿಂತ ಅವನೇ ತೀರ್ಪು ಕೊಟ್ಟದ್ದು ಅವನಿಗೆ ಹೆಚ್ಚು ನೆನಪಿರುತ್ತದೆ. ಊದದ ಬಲೂನು ಮತ್ತು ಒಡೆದ ಬಲೂನಿನ ಚೂರನ್ನು ಅಳೆಯುತ್ತ ಕೂರಬೇಡಿ, ನೇರ ಕಸಕ್ಕೆ ಹಾಕಿ.

ಎಲ್ಲಕ್ಕಿಂತ ಹೆದರಬೇಕಾದದ್ದು ನಾಣ್ಯದಂತಿರುವ ಗುಂಡಿ ಬ್ಯಾಟರಿಗೆ. ಹಾಡುವ ಪುಸ್ತಕ, ಮಿನುಗುವ ಬುಗುರಿ, ರಿಮೋಟು, ಎಲ್ಲದರಲ್ಲೂ ಅದು ಇರುತ್ತದೆ. ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು, ಅಲ್ಲಿನ ತೇವದಲ್ಲಿ ವಿದ್ಯುತ್ ಹರಿದು ಎರಡೇ ಗಂಟೆಯಲ್ಲಿ ಒಳಗೆ ಸುಡಬಲ್ಲದು. ಸ್ಕ್ರೂ ಹಾಕಿ ಮುಚ್ಚಿರದ ಬ್ಯಾಟರಿ ಆಟಿಕೆಯನ್ನು ಮನೆಯೊಳಗೆ ಸೇರಿಸಲೇಬೇಡಿ. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ಬೆಳಗಾಗಲಿ ಎಂದು ಕಾಯದೆ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ಪುಟ್ಟ ಶಕ್ತಿಶಾಲಿ ಆಯಸ್ಕಾಂತದ ಗುಂಡುಗಳನ್ನು ನುಂಗಿದರೂ ಅಷ್ಟೇ: ಎರಡು ಗುಂಡುಗಳು ಕರುಳಿನ ಗೋಡೆಗಳ ಆಚೀಚೆ ಅಂಟಿಕೊಂಡು ತೂತು ಮಾಡುತ್ತವೆ.

ಪ್ರಶ್ನೆ: ಎರಡೂವರೆ ವರ್ಷದ ಮೊಮ್ಮಗನಿಗೆ ಹುಟ್ಟುಹಬ್ಬಕ್ಕೆಂದು ಕೂತು ಓಡಿಸುವ ಬ್ಯಾಟರಿ ಕಾರು ಕೊಡಿಸಿದೆ. ಸೊಸೆ ಅದನ್ನು ಬಾಲ್ಕನಿಯಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದಾಳೆ. ಆಟಿಕೆ ತುಂಬಲು ನಮ್ಮ ಹಳೆಯ ಕಬ್ಬಿಣದ ಟ್ರಂಕು ಕೊಟ್ಟರೆ ಅದೂ ಬೇಡವಂತೆ. ನಾನು ಕೊಟ್ಟದ್ದೆಲ್ಲ ಬೇಡವೆಂದರೆ ಹೇಗೆ?
(ನೊಂದ ಅಜ್ಜಿ, ದಾವಣಗೆರೆ)

ಉತ್ತರ: ಅಕ್ಕಾ, ನಾನೂ ಅಜ್ಜಿಯೇ. ಆದರೂ ಟ್ರಂಕಿನ ವಿಷಯದಲ್ಲಿ ನನ್ನ ಮತ ನಿಮ್ಮ ಸೊಸೆಗೆ. ಅದರ ಮುಚ್ಚಳ ದಪ್ಪನೆ ಬಿದ್ದರೆ ಬಗ್ಗಿ ನಿಂತ ಮಗುವಿನ ಬೆರಳೋ ಕುತ್ತಿಗೆಯೋ ಸಿಕ್ಕಿಕೊಳ್ಳುತ್ತದೆ. ಬಚ್ಚಿಟ್ಟುಕೊಳ್ಳುವ ಆಟದಲ್ಲಿ ಒಳಗೆ ಕೂತು, ಹೊರಗಿನ ಚಿಲಕ ಬಿದ್ದರೆ ಗಾಳಿಯೂ ಇಲ್ಲ. ಸದ್ಯಕ್ಕೆ ಬೇಡವಾದ ಆಟಿಕೆಗಳನ್ನು ತುಂಬಿ, ಬೀಗ ಹಾಕಿ ಅಟ್ಟದಲ್ಲಿಡಲು ಟ್ರಂಕಿನಂಥದ್ದು ಇನ್ನೊಂದಿಲ್ಲ. ಹಾಗೆಂದು ಕೊಡಿ, ತೆಗೆದುಕೊಂಡಾಳು.

ಕಾರನ್ನು ವಾಪಸು ತರಿಸಿ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ. ನಿಮ್ಮ ಅಂಗಳ ಅವರ ಬಾಲ್ಕನಿಗಿಂತ ದೊಡ್ಡದಿರಲೇಬೇಕು. ದಾವಣಗೆರೆಗೆ ಹೋದರೆ ಕಾರು ಓಡಿಸಬಹುದು ಎಂದು ಮೊಮ್ಮಗ ರಜೆಗಾಗಿ ಕಾಯುತ್ತಾನೆ. ನಿಮಗೆ ಬೇಕಾಗಿರುವುದೂ ಅದೇ ಅಲ್ಲವೇ? ಮುಂದಿನ ಸಲ ಕೊಳ್ಳುವ ಮೊದಲು ಸೊಸೆಗೆ ಒಂದು ಫೋನು ಮಾಡಿ. ಅಪ್ಪಣೆ ಕೇಳಿದಂತಾಗುತ್ತದೆ ಎಂಬ ಬಿಗುಮಾನ ಬೇಡ; ಗುಡಿಸಿ ಒರೆಸುವವಳು ಅವಳು.

ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನವರ ಆಟಿಕೆಗಳಿಗೆ ಅದು ಕಡ್ಡಾಯ. ಚನ್ನಪಟ್ಟಣದ ಗೊಂಬೆಗಳಂತಹ, ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಮಾನ್ಯತೆಯ ಕುಶಲವಸ್ತುಗಳಿಗೆ ವಿನಾಯಿತಿ ಇದೆ, ಗುರುತು ಕಾಣಲಿಲ್ಲವೆಂದು ಗಾಬರಿಯಾಗಬೇಡಿ. ಮೊಮ್ಮಗ ಸ್ವಲ್ಪ ದೊಡ್ಡವನಾದ ಮೇಲೆ ಅಳಗುಳಿ ಮಣೆ ಕಲಿಸಿ, ಹುಣಸೆಬೀಜ ಹಾಕಿ. ಗುಲಗಂಜಿ ಎಷ್ಟೇ ಚೆಂದವಿದ್ದರೂ ಬೇಡ. ಜಗಿದರೆ ಅದು ವಿಷ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಮನೆಯ ಮರದ ಆಟಿಕೆಗಳಿಗೂ ಬಟ್ಟೆಯ ಗೊಂಬೆಗಳಿಗೂ ಬೂಸ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಭದ್ರವಾಗಿ ಮುಚ್ಚಿಟ್ಟರೂ ತಪ್ಪಿದ್ದಲ್ಲ.
(ಓದುಗರು, ತೀರ್ಥಹಳ್ಳಿ)

ಉತ್ತರ: ಮುಚ್ಚಿಟ್ಟದ್ದರಿಂದಲೇ ಹಿಡಿಯುತ್ತಿದೆ. ಒಳಗೆ ಹೋದ ತೇವ ಹೊರಗೆ ಬರಲು ದಾರಿಯಿಲ್ಲ. ಮಳೆಗಾಲದ ಮಟ್ಟಿಗೆ ಪ್ಲಾಸ್ಟಿಕ್ ಪೆಟ್ಟಿಗೆ ಬಿಟ್ಟು, ಹಳೆಯ ಹತ್ತಿ ಸೀರೆಯಲ್ಲಿ ಚೀಲ ಹೊಲಿದು ಗಾಳಿಯಾಡುವ ಕಡೆ ಗೂಟಕ್ಕೆ ತೂಗುಹಾಕಿ. ಬಟ್ಟೆಯ ಗೊಂಬೆಗಳನ್ನು ಒಗೆದು, ಬಚ್ಚಲ ಒಲೆಯಿಂದ ಸಾಕಷ್ಟು ದೂರದ ತಂತಿಯ ಮೇಲೆ ಹತ್ತಿಯ ಒಳಗಿನವರೆಗೂ ಒಣಗಿಸಿ.

ಚನ್ನಪಟ್ಟಣದ ಆಟಿಕೆಗಳನ್ನು ಮಾತ್ರ ಒಲೆಯ ಹತ್ತಿರ ಒಯ್ಯಬೇಡಿ. ಅವುಗಳ ಬಣ್ಣ ಕುಂಚದಿಂದ ಬಳಿದದ್ದಲ್ಲ. ಕಡಸಲು ಯಂತ್ರದಲ್ಲಿ ಗಿರಗಿರ ತಿರುಗುವ ಆಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಶಾಖದಲ್ಲಿ ಅಂಟಿದ್ದು ಶಾಖಕ್ಕೇ ಮೆತ್ತಗಾಗುತ್ತದೆ. ಬಿಸಿನೀರು, ಸುಡುಬಿಸಿಲು, ನೆನೆಹಾಕುವುದು ಮೂರೂ ಕೂಡದು. ಹಿಂಡಿದ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿದರೆ ಸಾಕು.

ನುಸಿಗುಳಿಗೆಯನ್ನಾಗಲಿ ಕರ್ಪೂರವನ್ನಾಗಲಿ ಆಟಿಕೆಗಳ ನಡುವೆ ಇಡಲೇಬೇಡಿ. ಎರಡೂ ನೋಡಲು ಪೆಪ್ಪರ್‌ಮಿಂಟಿನ ಹಾಗೆ ಬೆಳ್ಳಗಿವೆ, ಎರಡೂ ಮಕ್ಕಳಿಗೆ ವಿಷ. ಸ್ನಾನದ ರಬ್ಬರ್ ಬಾತುಕೋಳಿಯನ್ನೂ ಒಮ್ಮೆ ಒತ್ತಿ ನೋಡಿ. ತೂತಿನಿಂದ ಕಪ್ಪು ನೀರು ಬಂದರೆ ಎಸೆಯಿರಿ, ತೊಳೆದು ಪ್ರಯೋಜನವಿಲ್ಲ.

ಪ್ರಶ್ನೆ: ಆಟಿಕೆ ಎತ್ತಿಟ್ಟರೆ ಚಾಕೊಲೇಟು ಕೊಡುತ್ತೇನೆ ಎಂದು ನಾಲ್ಕು ವರ್ಷದ ಮಗನಿಗೆ ಅಭ್ಯಾಸ ಮಾಡಿಸಿದ್ದೇನೆ. ಈಗ ಎರಡು ಕೇಳುತ್ತಿದ್ದಾನೆ.
(ತಂದೆ, ಮೈಸೂರು)

ಉತ್ತರ: ಬುದ್ಧಿವಂತ ಹುಡುಗ. ನಾಳೆಯಿಂದ ಚಾಕೊಲೇಟು ನಿಲ್ಲಿಸಿ, ನೀವೂ ನೆಲಕ್ಕೆ ಕುಳಿತುಕೊಳ್ಳಿ. 'ನಾನು ಕಾರು ಹೆಕ್ಕುತ್ತೇನೆ, ನೀನು ಪ್ರಾಣಿ ಹೆಕ್ಕು' ಎಂದು ಶುರುಮಾಡಿ. ಊಟಕ್ಕೆ ಮುಂಚೆ, ನಿದ್ದೆಗಣ್ಣಾಗುವ ಮೊದಲೇ ಈ ಕೆಲಸ ಮುಗಿಯಲಿ. ಒಂದೆರಡು ದಿನ ಅಳುತ್ತಾನೆ, ಅಳಲಿ. ಮೊಬೈಲು ಪಕ್ಕಕ್ಕಿಡುವುದು ನಿಮ್ಮ ಪಾಲಿನ ಕೆಲಸ.

ಪ್ರಶ್ನೆ: ಮಕ್ಕಳು ಬೆಳೆದರು. ಉಳಿದ ಆಟಿಕೆಗಳನ್ನು ಯಾರಿಗೆ ಕೊಡಬಹುದು?
(ಓದುಗರು, ಉಡುಪಿ)

ಉತ್ತರ: ಹತ್ತಿರದ ಅಂಗನವಾಡಿಗೆ ಹೋಗಿ ಕಾರ್ಯಕರ್ತೆಯನ್ನು ಮೊದಲು ಕೇಳಿ; ಅವರಿಗೂ ಇಡುವ ಜಾಗ ಕಡಿಮೆಯೇ. ಬ್ಲಾಕು, ಚಿತ್ರದ ಪುಸ್ತಕ, ತುಂಡುಗಳೆಲ್ಲ ಇರುವ ಪಜಲ್ ಆದರೆ ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ತೊಳೆದು, ಒಣಗಿಸಿ, ಒಂದು ತುಂಡೂ ಕಳೆದಿಲ್ಲವೆಂದು ಎಣಿಸಿ ಕೊಡಿ. ಚಕ್ರ ಹೋದ ಕಾರು, ಕಣ್ಣು ಕಿತ್ತ ಕರಡಿಯನ್ನು ಚೀಲದ ತಳಕ್ಕೆ ಸೇರಿಸಿ ಪುಣ್ಯ ಕಟ್ಟಿಕೊಳ್ಳಬೇಡಿ. ಅದು ಕಸವನ್ನು ಬೇರೆಯವರ ಮನೆಗೆ ಸಾಗಿಸಿದ ಹಾಗೆ. ಬ್ಯಾಟರಿಗಳನ್ನು ಮೊದಲು ಬಿಚ್ಚಿ ಇ-ತ್ಯಾಜ್ಯಕ್ಕೆ ಹಾಕಿ. ಮಕ್ಕಳಿಗೆ ಹೇಳದೆ ಮಾತ್ರ ಕೊಡಬೇಡಿ. ಕಾಲೇಜಿಗೆ ಹೋಗುವವರೂ ಹಳೆಯ ರೈಲಿಗಾಗಿ ಜಗಳ ತೆಗೆಯುತ್ತಾರೆ.