ಪುಣೆಗೆ ಬಂದಾಗ ಹುರ್ಡಾ ಪಾರ್ಟಿಗೆ ಒಂದು ದಿನ ಕೊಡಬಹುದಾ?

ಜನವರಿಯಲ್ಲಿ ಮೂರು ದಿನ ಪುಣೆಗೆ ಬರುತ್ತಿದ್ದೇವೆ, ಎಲ್ಲರೂ ಹುರ್ಡಾ ಪಾರ್ಟಿಗೆ ಹೋಗಿ ಅನ್ನುತ್ತಾರೆ, ಮಕ್ಕಳನ್ನು ಕಟ್ಟಿಕೊಂಡು ಒಂದು ಇಡೀ ದಿನ ಅದಕ್ಕೆ ಕೊಡಬಹುದಾ ಅಂತ ಕೇಳಿದ್ದೀರಿ. ಕೊಡಿ. ಹುರ್ಡಾ ಅಂದರೆ ಕೆಂಡದಲ್ಲಿ ಸುಟ್ಟು ಬಿಸಿಬಿಸಿ ತಿನ್ನುವ ಎಳೆ ಜೋಳ, ಆದ್ದರಿಂದ ಜೋಳ ನಿಂತಿರುವ ಹೊಲಕ್ಕೇ ಹೋಗಿ.

ನಾನು ವಿಜಯಪುರದ ಕಡೆಯವಳು, ಪುಣೆಗೆ ಬಂದು 14 ವರ್ಷ ಆಯಿತು. ಮೊದಲ ಚಳಿಗಾಲದಲ್ಲೇ ಪಕ್ಕದ ಮನೆಯ ಮರಾಠಿಯವರು ಸೋಲಾಪುರ ರಸ್ತೆಯಲ್ಲಿ ಯವತ್ ಹತ್ತಿರದ ತಮ್ಮ ಹೊಲಕ್ಕೆ ಕರೆದುಕೊಂಡು ಹೋದರು. ಹುರ್ಡಾ ಏನು ಅಂತ ನನಗೂ ಗೊತ್ತಿರಲಿಲ್ಲ. ಗಾಡಿ ಇಳಿದ ಕೂಡಲೇ ಕುಳ್ಳಿನ (ಬೆರಣಿಯ) ಹೊಗೆ ಮೂಗಿಗೆ ಬಡಿಯಿತು ನೋಡಿ, ಅಯ್ಯೋ ಇದು ನಮ್ಮ ಸೀತನಿ ಅಲ್ವಾ ಅಂತ ಜೋರಾಗಿಯೇ ಅಂದುಬಿಟ್ಟೆ! ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಎರಚಲು, ಹೊಲಕ್ಕೆ ಹೋದಾಗ ಅಜ್ಜ ಸುಟ್ಟು ಕೊಡುತ್ತಿದ್ದ ಅದೇ ಎಳೆ ಜೋಳ. ಕಲಬುರಗಿ ಕಡೆ ಬೆಳಸಿ ಅನ್ನುತ್ತಾರೆ.

ಅಲ್ಲಿ ಆಗುವುದು ಇಷ್ಟು. ನೆಲದಲ್ಲಿ ಸಣ್ಣ ಗುಂಡಿ ತೋಡಿ ಕುಳ್ಳು ಹೊತ್ತಿಸುತ್ತಾರೆ. ಇದಕ್ಕೆ ಆಗಟಿ ಅಂತ ಹೆಸರು. ಉರಿ ಇಳಿದು ಕೆಂಡ ಆದಮೇಲೆ, ಆಗಷ್ಟೇ ಕೊಯ್ದು ತಂದ ಹಸಿರು ತೆನೆಗಳನ್ನು ದಂಟು ಹೊರಗೆ ಬರುವ ಹಾಗೆ ಬೂದಿಯೊಳಗೆ ಚುಚ್ಚುತ್ತಾರೆ. ಆ ಮನೆಯ ಅಜ್ಜಿ ಮಾಡುತ್ತಿದ್ದುದು ಇವತ್ತಿಗೂ ಕಣ್ಣಮುಂದೆ ಇದೆ. ತೆನೆ ಎಳೆದು, ಬೂದಿ ಕೊಡವಿ, ಸುಡುಸುಡು ಇರುವಾಗಲೇ ಎರಡೂ ಅಂಗೈ ನಡುವೆ ಹಾಕಿ ತಿಕ್ಕುತ್ತಿದ್ದರು, ಮೊರದಲ್ಲಿ ಕೇರಿ ಉಫ್ ಅಂತ ಊದಿದರೆ ಹೊಟ್ಟು ಹಾರಿ ಹಸಿರು ಕಾಳು ಮಾತ್ರ ಉಳಿಯುತ್ತಿತ್ತು, ಅದನ್ನು ನೇರ ನಮ್ಮ ಅಂಗೈಗೆ ಸುರಿಯುತ್ತಿದ್ದರು. ಕಚ್ಚಿದರೆ ಒಳಗೆ ಹಾಲಿನ ಸಿಹಿ, ಮೇಲೆ ಸ್ವಲ್ಪ ಹೊಗೆಯ ವಾಸನೆ. ಬೆಲ್ಲ, ಬೆಳ್ಳುಳ್ಳಿ ಚಟ್ನಿ, ಶೇಂಗಾ ಚಟ್ನಿ, ಮೊಸರು ಪಕ್ಕದಲ್ಲಿ. ನಾನು ಈಗ ಪ್ರತಿವರ್ಷ ಮನೆಯಿಂದ ಗುರೆಳ್ಳು (ಹುಚ್ಚೆಳ್ಳು) ಚಟ್ನಿ ಒಯ್ಯುತ್ತೇನೆ, ಅದಕ್ಕೆ ಸರಿಸಾಟಿ ಇಲ್ಲ.

ಕಾಳು ಆರಿದರೆ ಗಟ್ಟಿಯಾಗುತ್ತದೆ, ರುಚಿ ಹೋಯಿತು. ಅದಕ್ಕೇ ಹೊಲ ಅಂದಿದ್ದು. ಒಂದು ವರ್ಷ ಊರಿಂದ ಬಂದ ತಮ್ಮನ ಮನೆಯವರನ್ನು ಒಂದು ರೆಸಾರ್ಟಿಗೆ ಕರೆದುಕೊಂಡು ಹೋಗಿದ್ದೆ. ಡಿಜೆ, ರೇನ್ ಡ್ಯಾನ್ಸ್ ಎಲ್ಲ ಇತ್ತು. ಹುರ್ಡಾ ಮಾತ್ರ ತಟ್ಟೆಯಲ್ಲಿ ತಣ್ಣಗೆ ಬಂತು. ತಮ್ಮನ ಮಗಳು ಎರಡು ಕಾಳು ತಿಂದು ಬಿಟ್ಟಳು, ನನಗೆ ನಿಜವಾಗಿ ಹೊಟ್ಟೆ ಉರಿಯಿತು. ಆದ್ದರಿಂದ ಬುಕ್ ಮಾಡುವ ಮೊದಲು ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಆಗಟಿ ಪಕ್ಕ ಕೂರಲು ಬಿಡುತ್ತೀರಾ, ಜೋಳ ಯಾವುದು? ಸುರ್ತಿ, ಗುಳಭೇಂಡಿ ಅಂದರೆ ಹೋಗಿ. ರಾಹುರಿ ಕೃಷಿ ವಿಶ್ವವಿದ್ಯಾಲಯದ ಫುಲೆ ಮಧುರ, ಫುಲೆ ಉತ್ತರಾ ಕೂಡ ಹುರ್ಡಾಕ್ಕೆಂದೇ ಇರುವ ತಳಿಗಳು. ರೊಟ್ಟಿಗೆ ಮಾಲದಂಡಿ ಬಲು ಚೆಂದ, ಆದರೆ ಎಳೆಯದರಲ್ಲಿ ಇವುಗಳ ಹಾಗೆ ಸಲೀಸಾಗಿ ಹೊಟ್ಟು ಬಿಡುವುದಿಲ್ಲ.

ಸಂಕ್ರಾಂತಿ ಆಸುಪಾಸು ಒಳ್ಳೆಯ ಸಮಯ. ಹಿಂಗಾರಿ ಜೋಳ ಆಗ ಹಾಲುಗಾಳು ಕಟ್ಟಿರುತ್ತದೆ, ಬಲಿತ ಮೇಲೆ ಹೋಗಿ ಪ್ರಯೋಜನ ಇಲ್ಲ. ಬೆಳಿಗ್ಗೆ ಬೇಗ ಹೊರಡಿ, ತಿಂಡಿ ಜಾಸ್ತಿ ತಿನ್ನಬೇಡಿ. ಮಧ್ಯಾಹ್ನ ಪಿಠ್ಲ-ಭಾಕರಿ (ಕಡಲೆಹಿಟ್ಟಿನ ಝುಣಕದಂಥ ಪಲ್ಯ, ರೊಟ್ಟಿ) ಊಟ ಇರುತ್ತದೆ, ಆದರೆ ಸುಮ್ನೆ ಅದಕ್ಕಾಗಿ ಹೊಟ್ಟೆ ಖಾಲಿ ಇಟ್ಟುಕೊಂಡು ಕೂರಬೇಡಿ, ಆಗಟಿ ಬಿಟ್ಟು ಏಳಬೇಡಿ. ಮಕ್ಕಳಿಗೆ ಸ್ವಲ್ಪ ಆರಿದ ತೆನೆ ಕೊಟ್ಟು ಅವರೇ ತಿಕ್ಕಲಿ. ಕೈ, ಅಂಗಿ ಎಲ್ಲ ಮಸಿ ಆಗುತ್ತದೆ, ಹಳೆಯ ಬಟ್ಟೆ ಹಾಕಿ. ಸುಡದ ಹಸಿ ಕಾಳು ಕೊಟ್ಟರೆ ಒಂದು ಕಿಲೋ ಕಟ್ಟಿಸಿಕೊಳ್ಳಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಉಸುಳಿ ಮಾಡಿದರೆ ಮಾರನೇ ದಿನದ ತಿಂಡಿ ಆಯಿತು.