ಮುಕ್ಕಾಲು ಕೋಟಿ ಅಂತ ಹೇಳಿ ಬಂದವರು

ಮುಂಬೈ ಹೊರವಲಯದ ಮೀರಾರೋಡ್, ಡೊಂಬಿವಲಿ, ವಸಾಯಿ ಕಡೆಯ ನಮ್ಮ ಊರವರ ಮನೆಗಳಿಂದ ಒಂದೇ ಥರದ ಜಗಳ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬರುತ್ತಲೇ ಇರುತ್ತದೆ. ಫ್ಲ್ಯಾಟ್ ಮಾರಿ ಊರಿಗೆ ಹೋಗೋಣ ಅನ್ನುವುದಕ್ಕೆ ಗಂಡ ಹೆಂಡತಿ ಇಬ್ಬರೂ ಒಪ್ಪಿರುತ್ತಾರೆ. ಎಷ್ಟಕ್ಕೆ ಅನ್ನುವಲ್ಲಿ ಎಲ್ಲ ನಿಂತಿರುತ್ತದೆ. ಅದಕ್ಕೇ 2019ರ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ, ಮೊತ್ತ ಬದಲಿಸಿದ್ದೇನೆ.

ಯಜಮಾನರು ಕ್ಯಾಂಟೀನ್ ನಡೆಸಿ ಬಿಟ್ಟವರು. 2003ರಲ್ಲಿ 9 ಲಕ್ಷಕ್ಕೆ ಮೀರಾರೋಡಿನಲ್ಲಿ ಫ್ಲ್ಯಾಟ್ ತಗೊಂಡಿದ್ದರು. ಕಾರ್ಕಳದ ಹತ್ತಿರ ಜಾಗ ಇದೆ, ಅಲ್ಲಿ ಮನೆ ಕಟ್ಟಬೇಕು. 2014ರಲ್ಲಿ ಎದುರು ಮನೆಯವರು 72 ಲಕ್ಷಕ್ಕೆ ಮಾರಿದ್ದರು. ಹಾಗಾಗಿ ಇವರ ರೇಟು 75. ಫ್ಲ್ಯಾಟಿಗೆ ಬೀಗ ಹಾಕಿ, ಥಾಣೆಯ ಮಗಳ ಮನೆಯಲ್ಲಿದ್ದುಕೊಂಡು ಒಂದೂವರೆ ವರ್ಷದಿಂದ ಕಾಯುತ್ತಿದ್ದರು. ಬಂದ ದೊಡ್ಡ ಆಫರ್ 61. ಹೆಂಡತಿ ಗಂಡನ ಜೊತೆ ಮಾತು ಬಿಟ್ಟಿದ್ದರು. ಮಗಳೇ ಇಬ್ಬರನ್ನೂ ಕರೆದುಕೊಂಡು ಬಂದಳು.

ಆಗ ಮಾರುಕಟ್ಟೆ ನಿಜವಾಗಿಯೂ ಸೊರಗಿತ್ತು. ನೋಟು ರದ್ದತಿಯ ಪೆಟ್ಟು ಇನ್ನೂ ಇಳಿದಿರಲಿಲ್ಲ. 2018ರ ಕೊನೆಗೆ ಗೃಹಸಾಲ ಕೊಡುವ ಫೈನಾನ್ಸ್ ಕಂಪನಿಗಳ ಕೈಯೂ ಬಿಗಿಯಾಯಿತು. ಹೊಸ ಟವರ್‌ಗಳಲ್ಲಿ ಮಾರಾಟವಾಗದ ಫ್ಲ್ಯಾಟ್‌ಗಳು. ಸ್ಟ್ಯಾಂಪ್ ಡ್ಯೂಟಿ ನಾವೇ ಕಟ್ಟುತ್ತೇವೆ ಅನ್ನುವ ಬಿಲ್ಡರ್ ಪಕ್ಕದಲ್ಲೇ ಇರುವಾಗ ಲಿಫ್ಟ್ ಇಲ್ಲದ ಹಳೇ ಬಿಲ್ಡಿಂಗಿಗೆ ಯಾರು 75 ಕೊಡುತ್ತಾರೆ? ಇದೆಲ್ಲ ಯಜಮಾನರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕ್ಯಾಂಟೀನಿನಲ್ಲಿ ಉಳಿದ ಇಡ್ಲಿಯನ್ನು ಸಂಜೆ ಯಾವ ರೇಟಿಗೆ ಕೊಡಬೇಕು ಅಂತ ಗೊತ್ತಿದ್ದ ಮನುಷ್ಯ.

ಹಾಗಾದರೆ ಅಡ್ಡ ಬಂದಿದ್ದು ಏನು? ಮೂರನೇ ಸಲ ಕೂತಾಗ ಹೆಂಡತಿ ಬಾಯಿಬಿಟ್ಟರು.

"ನಾದಿನಿಯ ಮಗಳ ಮದುವೆಯಲ್ಲಿ ಭಾವನ ಎದುರು ಮುಕ್ಕಾಲು ಕೋಟಿ ಅಂತ ಹೇಳಿ ಬಂದಿದ್ದಾರೆ ಮೇಡಂ. ಈಗ ಇಳಿಯುವುದು ಹೇಗೆ?"

ಯಜಮಾನರು "ಹಾಗೆಂತ ಇಲ್ಲ" ಅಂದರು. ಕೈಯಲ್ಲಿ ಬ್ರೋಕರನ ಕಾರ್ಡು ಇತ್ತು. ಅದನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ನಾನು ಸುಮ್ನೆ ಕೂತೆ. ಆಮೇಲೆ ಅವರೇ ಹೇಳಿದರು: "ಭಾವ ಊರಲ್ಲೇ ಇದ್ದು ತೋಟ ಮಾಡಿದ. ನಾನು ಹದಿನಾಲ್ಕಕ್ಕೇ ಬೊಂಬಾಯಿಗೆ ಬಂದು ತಟ್ಟೆ ತೊಳೆದೆ. ಕಡೆಗೆ ತೋರಿಸಲಿಕ್ಕೆ ಇರುವುದು ಇದೊಂದೇ ಅಲ್ವಾ?"

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡರು. "ಅದನ್ನು ನನ್ನ ಹತ್ತಿರ ಹೇಳಬಹುದಿತ್ತಲ್ಲ ಮಾರಾಯ್ರೇ" ಅಂದರು. ಅವರಿಬ್ಬರೂ ನೇರವಾಗಿ ಆಡಿದ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಅಮೆರಿಕದ ಬೋಸ್ಟನ್ನಿನ ಫ್ಲ್ಯಾಟ್ ಮಾರಾಟಗಳ ಬಗ್ಗೆ ಜೆನಸೋವ್ ಮತ್ತು ಮೇಯರ್ ಅನ್ನುವ ಅರ್ಥಶಾಸ್ತ್ರಜ್ಞರು 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಬೆಲೆ ಬಿದ್ದಾಗ, ಕೊಂಡ ದರಕ್ಕಿಂತ ಕಮ್ಮಿಗೆ ಮಾರಬೇಕಾದವರು ಜಾಸ್ತಿ ರೇಟು ಹೇಳುತ್ತಾರೆ, ಅವರ ಮನೆ ಜಾಸ್ತಿ ದಿನ ಮಾರಾಟವಾಗದೆ ಉಳಿಯುತ್ತದೆ ಅನ್ನುವುದು ಅದರ ಸಾರ. ನಮ್ಮವರಲ್ಲಿ ನಾನು ನೋಡಿದ್ದು ಇನ್ನೂ ವಿಚಿತ್ರ. ಯಜಮಾನರು ಕೊಂಡಿದ್ದು 9ಕ್ಕೆ. 61 ಬಂದರೂ ಅವರಿಗೆ ಅದು ನಷ್ಟವೇ. ಯಾಕೆಂದರೆ ಎದುರು ಮನೆಯವರ 72 ಕಣ್ಣಲ್ಲಿ ಕೂತಿತ್ತು, ಭಾವನಿಗೆ ಹೇಳಿದ 75 ನಾಲಿಗೆಯ ಮೇಲಿತ್ತು.

ನಾನು ಕೊಟ್ಟ ಸಲಹೆ ಇಷ್ಟು. ಮೊದಲನೆಯದು, ಊರಲ್ಲಿ ಇನ್ನು ಮೊತ್ತದ ಮಾತೇ ಬೇಡ. ಕೇಳಿದರೆ "ಆಯ್ತು, ಮನೆ ಕೆಲಸ ಶುರು ಮಾಡ್ತಿದ್ದೇವೆ" ಅಂದರೆ ಸಾಕು. ಆಮೇಲೆ ಎದುರು ಮನೆಯ 2014ನ್ನು ಬಿಟ್ಟು, ಈ ವರ್ಷ ಅದೇ ಬಿಲ್ಡಿಂಗಿನಲ್ಲಿ ನೋಂದಣಿಯಾದ ಮಾರಾಟ ನೋಡಿ ಅಂದೆ. ಮಹಾರಾಷ್ಟ್ರದ ನೋಂದಣಿ ಇಲಾಖೆಯ ವೆಬ್‌ಸೈಟಿನಲ್ಲಿ ಇಂಡೆಕ್ಸ್-2, ಅಂದರೆ ನೋಂದಣಿಯಾದ ಮಾರಾಟದ ಮೊತ್ತ ಇರುವ ದಾಖಲೆ, ಯಾರು ಬೇಕಾದರೂ ಹುಡುಕಬಹುದು. ಮಗಳು ಹುಡುಕಿದಾಗ ಎರಡು ಸಿಕ್ಕವು: 60 ಮತ್ತು 62. ಖಾಲಿ ಫ್ಲ್ಯಾಟಿನ ಲೆಕ್ಕವನ್ನೂ ಕೂತು ಹಾಕಿದೆವು. 61 ಲಕ್ಷವನ್ನು ಶೇಕಡಾ 6.5ಕ್ಕೆ ಬ್ಯಾಂಕಿನಲ್ಲಿಟ್ಟಿದ್ದರೆ ತಿಂಗಳಿಗೆ 33 ಸಾವಿರ. ಜೊತೆಗೆ ಸೊಸೈಟಿ ಮೇಂಟೆನೆನ್ಸ್ ಕೈಯಿಂದ ಹೋಗುತ್ತಿತ್ತು. ರೇಟನ್ನು ತಿಂಗಳಿಗೆ ಐವತ್ತು ಸಾವಿರದ ಹಾಗೆ ಇಳಿಸುತ್ತಾ ಬರಬೇಡಿ, ಬ್ರೋಕರ್ ಇನ್ನೂ ಇಳಿಯಲಿ ಅಂತ ಕಾಯುತ್ತಾನೆ. ಇಳಿಸುವುದಿದ್ದರೆ ಒಂದೇ ಸಲ ಇಳಿಸಿ ಅಂದೆ. ತೆರಿಗೆಯ ಹೆದರಿಕೆಗೆ ಸಿಎ ಹತ್ತಿರ ಕಳಿಸಿದೆ. ಮಾರಿದ 3 ವರ್ಷದೊಳಗೆ ಕಟ್ಟಿ ಮುಗಿಸಿದರೆ, ಹೊಸ ಮನೆಗೆ ಹಾಕಿದಷ್ಟು ಲಾಭಕ್ಕೆ ವಿನಾಯಿತಿ ಇದೆ. ಮನೆ ಊರಲ್ಲಿದ್ದರೂ ನಡೆಯುತ್ತದೆ.

ಆಪ್ತಸಲಹೆಗಾರರಿಗೆ ರೇಟಿನ ಉಸಾಬರಿ ಯಾಕೆ ಅಂತ ಸಹೋದ್ಯೋಗಿಯೊಬ್ಬರು ಕೇಳಿದ್ದುಂಟು. ದಿನವಿಡೀ ಮನೆಯಲ್ಲಿ ಎಪ್ಪತ್ತೈದು, ಅರವತ್ತೊಂದು ಅನ್ನುವುದೇ ಜಗಳವಾಗಿರುವಾಗ ನಾನು ಬಾಲ್ಯದ ಕಥೆ ಕೇಳುತ್ತಾ ಕೂರಬೇಕಾ? ಯಾವ ರೇಟಿಗೆ ಕೊಡಬೇಕು ಅಂತ ನಾನು ಹೇಳಲಿಲ್ಲ. ಆ ರೇಟು ಯಾರಿಗೆ ಕೇಳಿಸಬೇಕು ಅಂತ ವಿಚಾರಿಸಿದೆ. ಅದು ನನ್ನ ಕೆಲಸವೇ.

61 ಕೊಡುತ್ತೇನೆ ಅಂದವರು ಅಷ್ಟರಲ್ಲಿ ಬೇರೆ ಕಡೆ ಟೋಕನ್ ಕೊಟ್ಟಾಗಿತ್ತು. ಫ್ಲ್ಯಾಟ್ 59ಕ್ಕೆ ಹೋಯಿತು. ಆ 2 ಲಕ್ಷ ಯಜಮಾನರಿಗೆ ಇನ್ನೂ ಚುಚ್ಚುತ್ತದೆ.

ಇದನ್ನು ಓದಿ ಎಲ್ಲರೂ ನಾಳೆಯೇ ಮಾರಿ ಅಂತ ಹೇಳುತ್ತಿಲ್ಲ. ಬಾಡಿಗೆ ಸರಿಯಾಗಿ ಬರುತ್ತಿದ್ದು, ಹಣದ ತುರ್ತಿಲ್ಲದವರಿಗೆ ಕಾಯಿರಿ ಅಂತಲೇ ಹೇಳುತ್ತೇನೆ. ಬೀಗ ಹಾಕಿಕೊಂಡು ಕಾಯುವವರು ಮಾತ್ರ ಮಗಳ ಕೈಲೋ ಮಗನ ಕೈಲೋ ಆ ಇಂಡೆಕ್ಸ್-2 ಒಮ್ಮೆ ತೆಗೆಸಿ ನೋಡಿ.